ಗೋಲ್‌ಕೀಪರ್ ಯಾಕೆ ಕ್ಯಾಪ್ಟನ್ ಆಗ್ಬೇಕು? ಶ್ರೀಜೇಶ್ ಕರಿಯರ್ ಇಟ್ಕೊಂಡು ಹಾಕಿ ಅರ್ಥ ಮಾಡ್ಕೊಳ್ಳೋಣ

ಟೋಕಿಯೊ ಒಲಿಂಪಿಕ್ಸಲ್ಲಿ ಇಂಡಿಯಾ ಹಾಕಿ ಟೀಮಿಗೆ ಕ್ಯಾಪ್ಟನ್ ಯಾರಿದ್ರು ಅಂತ ಗೊತ್ತಿರೋ ನಾಲ್ಕು ಜನರನ್ನ ಕೇಳಿ ನೋಡಿ, ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ಅಂತ ಹೇಳೋರು ಖಂಡಿತ ಸಿಗ್ತಾರೆ. ಆದ್ರೆ ಟೋಕಿಯೊದಲ್ಲಿ ಕ್ಯಾಪ್ಟನ್ ಆಗಿದ್ದಿದ್ದು ಮನ್‌ಪ್ರೀತ್ ಸಿಂಗ್. ಪ್ಯಾರಿಸಲ್ಲಿ ಹರ್ಮನ್‌ಪ್ರೀತ್ ಸಿಂಗ್. ಶ್ರೀಜೇಶ್ ಕ್ಯಾಪ್ಟನ್ ಆಗಿ ಆಡಿದ ಒಂದೇ ಒಂದು ಒಲಿಂಪಿಕ್ಸ್ ಅಂದ್ರೆ 2016ರ ರಿಯೊ, ಅಲ್ಲಿ ಮೆಡಲ್ ಬರ್ಲಿಲ್ಲ, ಆಮೇಲೆ 2018ರಲ್ಲಿ ಮತ್ತೆ ಸ್ವಲ್ಪ ಕಾಲ ಕ್ಯಾಪ್ಟನ್ ಆದ್ರು, ಅಷ್ಟೇ. ಆದ್ರೂ ಜನರ ತಲೇಲಿ ಕ್ಯಾಪ್ಟನ್ ಅಂದ್ರೆ ಅವರೇ ಕೂತ್ಬಿಟ್ಟಿದಾರೆ. ಇದನ್ನ ಬರೀ ಮರೆವು ಅಂತ ತಳ್ಳಿಹಾಕೋಕೆ ನನಗೆ ಮನಸಿಲ್ಲ. ಹಾಕಿಯಲ್ಲಿ ಟೀಮ್ ನಡೆಸೋ ಕೆಲಸ ಗ್ರೌಂಡಿನ ಯಾವ ಮೂಲೆಯಿಂದ ಆಗುತ್ತೆ, ಗೋಲ್‌ಪೋಸ್ಟ್ ಮುಂದೆ ನಿಂತವರಿಗೆ ಆಟ ಹೇಗೆ ಕಾಣುತ್ತೆ, ತೋಳಿಗೆ ಕಟ್ಟೋ ಪಟ್ಟಿಯಿಂದ ನಿಜವಾಗ್ಲೂ ಏನು ಅಧಿಕಾರ ಬರುತ್ತೆ, ಇಷ್ಟು ಗೊತ್ತಾದ್ರೆ ಜನ ಯಾಕೆ ಹಾಗೆ ನೆನಪಿಟ್ಕೊಂಡಿದಾರೆ ಅನ್ನೋದೂ ಗೊತ್ತಾಗುತ್ತೆ.

ಮೊದ್ಲು ಆ ಪಟ್ಟಿ ವಿಷಯ ಮುಗಿಸ್ಬಿಡೋಣ. ಕ್ರಿಕೆಟ್ ನೋಡಿ ಬೆಳೆದ ನಮಗೆ ಕ್ಯಾಪ್ಟನ್ ಅಂದ್ರೆ ಫೀಲ್ಡಿಂಗ್ ನಿಲ್ಸೋರು, ಯಾವ ಬೌಲರಿಗೆ ಓವರ್ ಕೊಡ್ಬೇಕು ಅಂತ ಡಿಸೈಡ್ ಮಾಡೋರು. ಹಾಕಿಯಲ್ಲಿ ಅಂಥ ಅಧಿಕಾರ ಬಹಳ ಕಮ್ಮಿ. ಯಾರು ಆಡ್ಬೇಕು, ಯಾವಾಗ ಒಳಗೆ ಹೋಗ್ಬೇಕು, ಯಾವ ಪ್ಲಾನ್ ಅನ್ನೋದೆಲ್ಲ ಕೋಚ್ ಕೈಯಲ್ಲಿ. ನಿಯಮದ ಪ್ರಕಾರ ಪ್ರತಿ ಟೀಮಿಗೂ ಒಬ್ಬ ಕ್ಯಾಪ್ಟನ್ ಇರ್ಲೇಬೇಕು, ತೋಳಿಗೆ ಎದ್ದು ಕಾಣೋ ಪಟ್ಟಿ ಕಟ್ಕೊಂಡಿರ್ಬೇಕು, ತನ್ನ ಟೀಮಿನವರ ನಡವಳಿಕೆಗೆ ಅವರೇ ಹೊಣೆ, ಆಟಗಾರರ ಬದಲಾವಣೆ ಸರಿಯಾಗಿ ಆಗೋ ಹಾಗೆ ನೋಡ್ಕೊಳ್ಳೋದೂ ಅವರದೇ ಹೊಣೆ, ಈ ಜವಾಬ್ದಾರಿ ನೋಡ್ಕೊಳ್ದೇ ಇದ್ರೆ ಕಾರ್ಡ್ ಬೀಳೋದು ಕ್ಯಾಪ್ಟನ್ ಮೇಲೇನೇ. ಗ್ರೀನ್ ಕಾರ್ಡ್ ಅಂದ್ರೆ 2 ನಿಮಿಷ ಆಚೆ, ಯೆಲ್ಲೊ ಅಂದ್ರೆ ಕಮ್ಮಿ ಅಂದ್ರೂ 5 ನಿಮಿಷ, ರೆಡ್ ಅಂದ್ರೆ ಆ ಮ್ಯಾಚ್ ಮುಗೀತು. ಅಂಪೈರ್ ತೀರ್ಮಾನ ಪ್ರಶ್ನೆ ಮಾಡೋ ವಿಡಿಯೋ ರೆಫರಲ್ ಕೂಡ ಕ್ಯಾಪ್ಟನ್ನೇ ಕೇಳ್ಬೇಕು ಅಂತೇನಿಲ್ಲ, ಆ ಕ್ಷಣದಲ್ಲಿ ಗ್ರೌಂಡಲ್ಲಿರೋ ಯಾವ ಆಟಗಾರರಾದ್ರೂ ಕೈಯಲ್ಲಿ ಟಿ ಆಕಾರ ತೋರಿಸಿ ಕೇಳ್ಬಹುದು. ಹಾಗಾಗಿ ಹಾಕಿ ಕ್ಯಾಪ್ಟನ್ ಕೈಯಲ್ಲಿ ಪುಸ್ತಕದ ಪ್ರಕಾರ ಹೊಣೆ ಜಾಸ್ತಿ, ಅಧಿಕಾರ ಕಮ್ಮಿ. ಉಳಿದಿದ್ದೆಲ್ಲ ಮಾತಿನ ಮೇಲೆ, ಧ್ವನಿ ಮೇಲೆ, ಬೇರೆಯವರು ಆ ಧ್ವನಿನ ಎಷ್ಟು ನಂಬ್ತಾರೆ ಅನ್ನೋದರ ಮೇಲೆ ನಿಂತಿರುತ್ತೆ.

ಗೋಲ್‌ಕೀಪರ್ ಮುಖ್ಯ ಆಗೋದು ಇಲ್ಲೇ. ಹಾಕಿಯಲ್ಲಿ ಆಟಗಾರರ ಬದಲಾವಣೆಗೆ ಮಿತಿ ಇಲ್ಲ, ಪೆನಾಲ್ಟಿ ಕಾರ್ನರ್ (ಫೌಲಿಗೆ ಎದುರಾಳಿಗೆ ಸಿಗೋ ಅವಕಾಶ, ವಿವರ ಮುಂದೆ ಇದೆ) ನಡೀತಿರೋ ಹೊತ್ತು ಬಿಟ್ರೆ ಯಾವಾಗ ಬೇಕಾದ್ರೂ ಒಬ್ರು ಆಚೆ ಬಂದು ಇನ್ನೊಬ್ರು ಒಳಗೆ ಹೋಗ್ಬಹುದು, ಆಚೆ ಬಂದವರು ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಒಳಗೆ ಹೋಗ್ಬಹುದು. ಫಾರ್ವರ್ಡ್‌ಗಳು ಕೆಲವೇ ನಿಮಿಷ ಜೀವ ಬಿಟ್ಟು ಓಡಿ ಬೆಂಚಿಗೆ ಬಂದು ಉಸಿರು ತಗೊಂಡು ಮತ್ತೆ ಹೋಗ್ತಾರೆ, ಮಿಡ್‌ಫೀಲ್ಡರ್‌ಗಳೂ ಹಾಗೇ. ಅಂದ್ರೆ ಓಡಾಡೋ ಆಟಗಾರ ಕ್ಯಾಪ್ಟನ್ ಆಗಿದ್ರೆ ಮ್ಯಾಚಿನ ಒಂದಷ್ಟು ಹೊತ್ತು ಅವರು ಗ್ರೌಂಡಲ್ಲೇ ಇರಲ್ಲ. ಕೀಪರ್ ಮಾತ್ರ ದೊಡ್ಡ ಮ್ಯಾಚಲ್ಲಿ ಸಾಮಾನ್ಯವಾಗಿ 15 ನಿಮಿಷದ ನಾಲ್ಕೂ ಕ್ವಾರ್ಟರ್, ಒಟ್ಟು 60 ನಿಮಿಷ ಒಳಗೇ ಇರ್ತಾರೆ, ಅದೂ ಇಡೀ ಆಟ ಕಣ್ಣೆದುರಿಗೇ ಕಾಣೋ ಜಾಗದಲ್ಲಿ. ಡಿಫೆಂಡರ್ ಚೆಂಡಿನ ಕಡೆ ನೋಡ್ತಿದ್ದಾಗ ಅವರ ಬೆನ್ನ ಹಿಂದೆ ಯಾರು ನುಗ್ತಿದಾರೆ ಅಂತ ಅವರಿಗೆ ಕಾಣಲ್ಲ, ಕೀಪರಿಗೆ ಕಾಣುತ್ತೆ. ಎಡಕ್ಕೆ ಹೋಗು, ಅವನನ್ನ ಬಿಡು, ನಾನಿದೀನಿ, ಹೆಜ್ಜೆ ಹಿಂದಿಡು ಅಂತ ಕೂಗ್ತಾನೇ ಇರ್ಬೇಕು. ಶ್ರೀಜೇಶ್ ಆಡ್ತಿದ್ದ ಮ್ಯಾಚ್‌ಗಳನ್ನ ಟಿವಿ ಸೌಂಡ್ ಜಾಸ್ತಿ ಇಟ್ಟು ನೋಡಿದವರಿಗೆ ಇದು ಗೊತ್ತು, ಕಾಮೆಂಟರಿ ಮಧ್ಯೆ ಅವರ ಗಂಟಲು ಕೇಳ್ತಾನೇ ಇರ್ತಿತ್ತು.

ತೊಂದರೆ ಇಲ್ಲ ಅಂತಲ್ಲ. ಹೆಲ್ಮೆಟ್, ಪ್ಯಾಡ್ ಹಾಕ್ಕೊಂಡ ಕೀಪರ್ ತನ್ನ ಕಡೆಯ 23 ಮೀಟರ್ ಗೆರೆ ದಾಟಿ ಆಡೋ ಹಾಗಿಲ್ಲ (ಪೆನಾಲ್ಟಿ ಸ್ಟ್ರೋಕ್ ಹೊಡೆಯೋಕೆ ಹೋಗೋದೊಂದು ಬಿಟ್ಟು). ಗ್ರೌಂಡು 91.40 ಮೀಟರ್ ಉದ್ದ, ಆ ಕಡೆ ಗೋಲ್ ಹತ್ರ ಏನೋ ಜಗಳ ಆದ್ರೆ, ಅಂಪೈರ್ ಹತ್ರ ಮಾತಾಡ್ಬೇಕು ಅಂದ್ರೆ ಕೀಪರ್ ಕ್ಯಾಪ್ಟನ್ ಅಷ್ಟು ದೂರದಲ್ಲಿ ನಿಂತು ನೋಡ್ಬೇಕಷ್ಟೇ. ಅದಕ್ಕೇ ಬಹಳ ದೇಶಗಳು ಮಿಡ್‌ಫೀಲ್ಡರನ್ನೋ ಡಿಫೆಂಡರನ್ನೋ ಕ್ಯಾಪ್ಟನ್ ಮಾಡ್ತವೆ. ನಮ್ಮಲ್ಲಿ ಕೀಪರ್ ಕ್ಯಾಪ್ಟನ್ ಆಗಿದ್ದು ಶ್ರೀಜೇಶ್ ಇಂದ ಶುರುವಾಗಿದ್ದಲ್ಲ, 1966ರ ಬ್ಯಾಂಕಾಕ್ ಏಷ್ಯನ್ ಗೇಮ್ಸಲ್ಲಿ ಗೋಲ್ಡ್ ಗೆದ್ದ ಟೀಮಿಗೆ ಕೀಪರ್ ಶಂಕರ್ ಲಕ್ಷ್ಮಣ್ ಕ್ಯಾಪ್ಟನ್, 2012ರ ಲಂಡನ್ ಒಲಿಂಪಿಕ್ಸಲ್ಲಿ ಭರತ್ ಚೆಟ್ರಿ.

ಈಗ ಶ್ರೀಜೇಶ್ ಕಡೆ ಬರೋಣ. ಹುಟ್ಟಿದ್ದು 1988ರ ಮೇ 8ಕ್ಕೆ, ಕೇರಳದ ಎರ್ನಾಕುಲಂ ಜಿಲ್ಲೆಯ ಕಿಳಕ್ಕಂಬಲಂ ಅನ್ನೋ ಊರಲ್ಲಿ, ರೈತರ ಮನೇಲಿ. ಕೇರಳ ಅಂದ್ರೆ ಫುಟ್‌ಬಾಲು, ಅಥ್ಲೆಟಿಕ್ಸು, ವಾಲಿಬಾಲು. ಹಾಕಿಗೆ ಅಲ್ಲಿ ದೊಡ್ಡ ಪರಂಪರೆ ಇಲ್ಲ. ಇವರೂ ಶುರು ಮಾಡಿದ್ದು ಓಟ, ಲಾಂಗ್ ಜಂಪ್, ವಾಲಿಬಾಲ್ ಇಂದಾನೇ. 12ನೇ ವಯಸ್ಸಿಗೆ ತಿರುವನಂತಪುರದ ಜಿ.ವಿ. ರಾಜಾ ಸ್ಪೋರ್ಟ್ಸ್ ಸ್ಕೂಲ್ ಸೇರಿದ್ರು, ಅಲ್ಲಿ ಹಾಕಿ ಕೈಗೆ ಬಂತು, ಅಲ್ಲಿನ ಕೋಚ್ ಹೇಳಿದ ಮೇಲೆ ಕೀಪಿಂಗ್ ಹಿಡಿದ್ರು. ಕೀಪಿಂಗ್ ಕಿಟ್ ಅಂದ್ರೆ ಒಂದು ಸ್ಟಿಕ್ ತಗೊಂಡ ಹಾಗಲ್ಲ, ಹೆಲ್ಮೆಟ್, ಗಂಟಲಿಗೆ ಗಾರ್ಡು, ಎದೆಗೆ ಗಾರ್ಡು, ಎರಡೂ ಕೈಗೆ ಗ್ಲೌಸು, ಕಾಲಿಗೆ ದಪ್ಪ ಪ್ಯಾಡು, ಶೂ ಮೇಲೆ ಕಿಕ್ಕರು, ಒಂದೊಂದೂ ದುಬಾರಿ. ಮಗನಿಗೆ ಆ ಕಿಟ್ ಕೊಡ್ಸೋಕೆ ಅಪ್ಪ ಮನೆ ಹಸು ಮಾರಿದ್ದನ್ನ ಶ್ರೀಜೇಶ್ ಅವರೇ ಎಷ್ಟೋ ಕಡೆ ಹೇಳ್ಕೊಂಡಿದಾರೆ. ಈ ಕಥೆ ಕೇಳಿ ಕಣ್ಣು ತುಂಬ್ಕೊಳ್ಳೋದು ಸುಲಭ, ಆದ್ರೆ ಅದರ ಇನ್ನೊಂದು ಮಗ್ಗುಲನ್ನೂ ನೋಡ್ಬೇಕು, ಎಷ್ಟು ಊರಲ್ಲಿ ಎಷ್ಟು ಮಕ್ಕಳು ಬರೀ ಕಿಟ್ ಇಲ್ದೇ ಕೀಪಿಂಗ್ ಬಿಟ್ಟಿರ್ಬಹುದು ಅಂತ ಯೋಚ್ನೆ ಬರುತ್ತೆ, ನನಗಂತೂ ಅದು ಬಹಳ ಕಾಡುತ್ತೆ.

ಕೇರಳದಿಂದ ಹಾಕಿ ಕೀಪರ್ ಅಂದಾಗ ಇನ್ನೊಬ್ಬರ ಹೆಸರು ಹೇಳ್ಲೇಬೇಕು, ಮ್ಯಾನುಯೆಲ್ ಫ್ರೆಡ್ರಿಕ್. ಕಣ್ಣೂರಿನವರು, ಆರ್ಮಿ ಸೇರಿ ಹಾಕಿ ಆಡಿ 1972ರ ಮ್ಯೂನಿಕ್ ಒಲಿಂಪಿಕ್ಸಲ್ಲಿ ಬ್ರಾಂಜ್ ಗೆದ್ದ ಟೀಮಲ್ಲಿದ್ರು, ಕೇರಳಕ್ಕೆ ಮೊದಲ ಒಲಿಂಪಿಕ್ ಮೆಡಲ್ ಅದು. ಮಾರನೇ ವರ್ಷ ಹಾಲೆಂಡಿನ ವರ್ಲ್ಡ್ ಕಪ್ಪಲ್ಲಿ ಸಿಲ್ವರ್ ಬಂದಾಗಲೂ ಇವರಿದ್ರು, ಆ ಟೀಮಿನ ಕ್ಯಾಪ್ಟನ್ ನಮ್ಮ ಕೊಡಗಿನ ಎಂ.ಪಿ. ಗಣೇಶ್. ಫ್ರೆಡ್ರಿಕ್ ಆಮೇಲೆ ಬೆಂಗಳೂರಲ್ಲೇ ನೆಲೆಸಿದ್ರು, 2025ರ ಅಕ್ಟೋಬರ್ ಕೊನೆಗೆ ಇಲ್ಲೇ ತೀರ್ಕೊಂಡ್ರು. ಅವರ ಕಾಲದಲ್ಲಿ ಕೀಪರ್‌ಗಳು ಹೆಲ್ಮೆಟ್ ಇಲ್ದೇ ಹುಲ್ಲಿನ ಮೇಲೆ ಆಡ್ತಿದ್ರು. ಕೇರಳಕ್ಕೆ ಎರಡನೇ ಒಲಿಂಪಿಕ್ ಮೆಡಲ್ ತರೋಕೆ ಶ್ರೀಜೇಶ್ ಬರ್ಬೇಕಾಯ್ತು, 49 ವರ್ಷ ಆದ ಮೇಲೆ.

ಶ್ರೀಜೇಶ್ ಸೀನಿಯರ್ ಟೀಮಿಗೆ ಬಂದಿದ್ದು 2006ರಲ್ಲಿ, ಕೊಲಂಬೊದಲ್ಲಿ ನಡೆದ ಸೌತ್ ಏಷ್ಯನ್ ಗೇಮ್ಸಿಗೆ. ಆದ್ರೆ ಬಂದ ತಕ್ಷಣ ನಂಬರ್ ಒನ್ ಆಗ್ಲಿಲ್ಲ. ಏಡ್ರಿಯನ್ ಡಿಸೋಜಾ ಇದ್ರು, ಭರತ್ ಚೆಟ್ರಿ ಇದ್ರು, ಇವರು ಒಳಗೆ ಬರೋದು ಹೋಗೋದು ನಡೀತಾನೇ ಇತ್ತು. ಇಲ್ಲೊಂದು ವಿಷಯ ಗಮನಿಸ್ಬೇಕು. ಫಾರ್ವರ್ಡ್ ಆಗಿದ್ರೆ ಹದಿನೆಂಟು ಹತ್ತೊಂಬತ್ತರ ಹುಡುಗನಿಗೂ ಕೊನೆ ಹತ್ತು ನಿಮಿಷ ಆಡೋಕೆ ಸಿಗುತ್ತೆ, ಅಷ್ಟರಲ್ಲೇ ಅನುಭವ ಕಟ್ಕೊಬಹುದು. ಕೀಪರ್ ಜಾಗ ಒಂದೇ. ಎರಡನೇ ಕೀಪರ್ ಆಗಿದ್ರೆ ಟೂರ್ನಮೆಂಟ್ ಪೂರ್ತಿ ಬೆಂಚಲ್ಲೇ ಕಳೆದು ಹೋಗ್ಬಹುದು. ಜೊತೆಗೆ ಕೀಪರ್ ಕೆಲಸದಲ್ಲಿ ಅರ್ಧ ಭಾಗ ಊಹೆ, ಹೊಡೆಯೋನ ಸೊಂಟ, ಭುಜ, ಸ್ಟಿಕ್ ಕೋನ ನೋಡಿ ಚೆಂಡು ಹೊರಡೋ ಮೊದ್ಲೇ ಎಲ್ಲಿಗೆ ಬರುತ್ತೆ ಅಂತ ಓದ್ಬೇಕು, ಅದು ಸಾವಿರಾರು ಹೊಡೆತ ನೋಡಿದ ಮೇಲೆ ಬರೋ ಕಣ್ಣು. ಅದಕ್ಕೇ ಕೀಪರ್‌ಗಳು ತಡವಾಗಿ ಪಕ್ವ ಆಗ್ತಾರೆ, ತಡವಾಗಿ ನಿವೃತ್ತಿನೂ ಆಗ್ತಾರೆ. ಶ್ರೀಜೇಶ್ 36ನೇ ವಯಸ್ಸಿಗೆ ತಮ್ಮ ಕೊನೆ ಒಲಿಂಪಿಕ್ಸಲ್ಲಿ ಆಡಿದ ಆಟ ನೋಡಿದವರಿಗೆ ಇದು ಬೇರೆ ಹೇಳ್ಬೇಕಿಲ್ಲ.

ಆ ವರ್ಷಗಳಲ್ಲಿ ಇಂಡಿಯಾ ಹಾಕಿ ಸ್ಥಿತಿ ಹೇಗಿತ್ತು ಅನ್ನೋದೂ ನೆನಪಿರ್ಲಿ. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಕ್ವಾಲಿಫೈಯೇ ಆಗ್ಲಿಲ್ಲ, ಎಂಟು ಗೋಲ್ಡ್ ಗೆದ್ದ ದೇಶ. 2012ರಲ್ಲಿ ಲಂಡನಿಗೆ ಹೋಗಿ ಒಂದು ಮ್ಯಾಚೂ ಗೆಲ್ದೇ 12ನೇ ಸ್ಥಾನ, ಅಂದ್ರೆ ಕಟ್ಟಕಡೆ. ಶ್ರೀಜೇಶ್ ಆ ಟೀಮಲ್ಲೂ ಇದ್ರು. ಟೋಕಿಯೊ ಫೋಟೋ ಮಾತ್ರ ನೋಡಿ ಅವರ ಕರಿಯರ್ ಅಳೆಯೋರು ಈ ಕೆಳಗಿನ ಮೆಟ್ಟಿಲನ್ನ ಬಿಟ್ಬಿಡ್ತಾರೆ, ಆದ್ರೆ ಟೀಮಲ್ಲಿ ಅವರ ಮಾತಿಗೆ ಬೆಲೆ ಬಂದಿದ್ದು ಅಲ್ಲಿಂದ್ಲೇ ಅಂತ ನನ್ನ ಅಭಿಪ್ರಾಯ. ಆಮೇಲೆ ಬಂದ ಹುಡುಗರಿಗೆ ಸೋತು ಸುಣ್ಣ ಆದ ಕಾಲನೂ ಗೆದ್ದ ಕಾಲನೂ ಎರಡೂ ಕಂಡವರು ಅಂತ ಡ್ರೆಸ್ಸಿಂಗ್ ರೂಮಲ್ಲಿ ಉಳಿದಿದ್ದೇ ಬೆರಳೆಣಿಕೆ ಜನ.

ಶ್ರೀಜೇಶ್ ಹೆಸರು ಮನೆಮಾತಾಗಿದ್ದು ಟೈಬ್ರೇಕರ್‌ಗಳಿಂದ, ಹಾಗಾಗಿ ಅದು ಹೇಗೆ ನಡೆಯುತ್ತೆ ಅನ್ನೋದನ್ನ ಸ್ವಲ್ಪ ನಿಧಾನವಾಗಿ ನೋಡೋಣ. ಮೊದ್ಲೆಲ್ಲ ಮ್ಯಾಚ್ ಟೈ ಆದ್ರೆ ಪೆನಾಲ್ಟಿ ಸ್ಟ್ರೋಕ್ ಇರ್ತಿತ್ತು, ಗೋಲಿಂದ 6.40 ಮೀಟರ್ ದೂರದಲ್ಲಿ ಚೆಂಡಿಟ್ಟು ಒಂದೇ ಹೊಡೆತ, ಕೀಪರ್ ಗೆರೆ ಮೇಲೇ ನಿಂತಿರ್ಬೇಕು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲಲ್ಲಿ ಸೌತ್ ಕೊರಿಯಾ ಮೇಲೆ ಆಶಿಶ್ ಬಲ್ಲಾಳ್ ಸೇವ್ ಮಾಡಿ ಗೋಲ್ಡ್ ತಂದಿದ್ದು ನಮ್ಮ ಬೆಂಗಳೂರಿನವರಿಗೆ ಮರೆಯೋಕಾಗಲ್ಲ, ಆ ಟೀಮಿಗೆ ಕ್ಯಾಪ್ಟನ್ ಧನರಾಜ್ ಪಿಳ್ಳೈ. 2011ರಲ್ಲಿ ಚೀನಾದ ಓರ್ಡೊಸ್‌ನಲ್ಲಿ ಮೊದಲ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲು, ಪಾಕಿಸ್ತಾನದ ಎದುರು ಗೋಲಿಲ್ಲದೆ ಮುಗಿದು ಸ್ಟ್ರೋಕಿಗೆ ಹೋಯ್ತು, ಶ್ರೀಜೇಶ್ ಎರಡು ತಡೆದು ಇಂಡಿಯಾ 4-2ರಲ್ಲಿ ಗೆದ್ದಿತು.

ಈಗಿರೋದು ಶೂಟೌಟ್. ಆಟಗಾರ 23 ಮೀಟರ್ ಗೆರೆಯಿಂದ ಚೆಂಡು ತಗೊಂಡು ಬರ್ತಾನೆ, ಕೀಪರ್ ಗೋಲ್ ಗೆರೆಯಿಂದ ಹೊರಡ್ತಾನೆ, ಅಂಪೈರ್ ಸೀಟಿ ಊದಿದ ಮೇಲೆ ಬರೀ 8 ಸೆಕೆಂಡ್ ಟೈಮು. ಅಷ್ಟರಲ್ಲಿ ಗೋಲ್ ಹೊಡೀಬೇಕು, ಎಷ್ಟು ಸಲ ಬೇಕಾದ್ರೂ ಡ್ರಿಬಲ್ ಮಾಡ್ಬಹುದು, ಮೊದಲ ಹೊಡೆತ ಕೀಪರಿಗೆ ಬಡಿದು ವಾಪಸ್ ಬಂದ್ರೆ ಮತ್ತೆ ಹೊಡೀಬಹುದು, ಚೆಂಡು ಹೊರಗೆ ಹೋದ್ರೆ ಮುಗೀತು. ಕೀಪರ್ ಗೊತ್ತಿಲ್ದೇ ಫೌಲ್ ಮಾಡಿದ್ರೆ ಮತ್ತೆ ಆಡಿಸ್ತಾರೆ, ಬೇಕಂತ್ಲೇ ಮಾಡಿದ್ರೆ ಪೆನಾಲ್ಟಿ ಸ್ಟ್ರೋಕ್. ಒಂದೊಂದು ಟೀಮಿಂದ ಐದೈದು ಜನ. ಇದರಲ್ಲಿ ಕೀಪರಿಗೆ ಇರೋ ದೊಡ್ಡ ಆಸ್ತಿ ಆ ಗಡಿಯಾರ. ಬೇಗ ಕೆಳಗೆ ಬಿದ್ರೆ ಸೋತ ಹಾಗೆ, ಆಟಗಾರ ಪಕ್ಕಕ್ಕೆ ತಿರುಗಿ ಖಾಲಿ ಗೋಲಿಗೆ ತಳ್ತಾನೆ. ಕಾಲ ಮೇಲೇ ಇರ್ಬೇಕು, ಮುಂದೆ ಬಂದು ಗೋಲ್ ಸಣ್ಣದಾಗಿ ಕಾಣೋ ಹಾಗೆ ಮಾಡ್ಬೇಕು, ಆಟಗಾರನನ್ನ ಅವನ ಕೈ ಸಾಗದ ಕಡೆಗೆ, ಅಂದ್ರೆ ರಿವರ್ಸ್ ಸ್ಟಿಕ್ಕಲ್ಲಿ (ಸ್ಟಿಕ್ ತಿರುಗಿಸಿ) ಹೊಡೆಯೋ ಕಡೆಗೆ ತಳ್ಬೇಕು, ಐದು ಸೆಕೆಂಡ್ ದಾಟಿತು ಅಂದ್ರೆ ಹೊಡೆಯೋನಿಗೇ ಗಾಬರಿ ಶುರುವಾಗುತ್ತೆ. ಶ್ರೀಜೇಶ್ ಎತ್ತರದ ಆಳು, ಆದ್ರೆ ಅವರ ಗುಟ್ಟು ಎತ್ತರದಲ್ಲಿ ಇರ್ಲಿಲ್ಲ, ಕೊನೆವರೆಗೂ ಕಾಯೋ ತಾಳ್ಮೆಯಲ್ಲಿತ್ತು.

2014ರ ಅಕ್ಟೋಬರ್ 2, ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲು, ಎದುರಿಗೆ ಮತ್ತೆ ಪಾಕಿಸ್ತಾನ. ಪಾಕಿಸ್ತಾನ ಮೊದ್ಲು ಹೊಡೀತು, ಕೊತಾಜಿತ್ ಸಿಂಗ್ ಸಮ ಮಾಡಿದ್ರು, 1-1, ಶೂಟೌಟು. ಶ್ರೀಜೇಶ್ ಎರಡು ತಡೆದ್ರು, 4-2. 16 ವರ್ಷದ ಮೇಲೆ ಏಷ್ಯನ್ ಗೇಮ್ಸ್ ಗೋಲ್ಡು, ಜೊತೆಗೆ ರಿಯೊ ಒಲಿಂಪಿಕ್ಸಿಗೆ ಸೀದಾ ಟಿಕೆಟ್. ಸರ್ದಾರ್ ಸಿಂಗ್ ಕ್ಯಾಪ್ಟನ್ ಆಗಿದ್ದ ಆ ಟೀಮಲ್ಲಿ ನಮ್ಮ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ನಿಕ್ಕಿನ್ ತಿಮ್ಮಯ್ಯ ಇದ್ರು.

ಕ್ಯಾಪ್ಟನ್ ಪಟ್ಟಿ ಶ್ರೀಜೇಶ್ ತೋಳಿಗೆ ಬಂದಿದ್ದು 2016ರಲ್ಲಿ, ಲಂಡನಿನ ಚಾಂಪಿಯನ್ಸ್ ಟ್ರೋಫಿಗೆ. ಜಗತ್ತಿನ ಟಾಪ್ ಟೀಮುಗಳು ಮಾತ್ರ ಆಡ್ತಿದ್ದ ಟೂರ್ನಮೆಂಟು ಅದು, ಅಲ್ಲಿ ಇಂಡಿಯಾಗೆ ಅದುವರೆಗೂ ಬಂದಿದ್ದು 1982ರ ಒಂದು ಬ್ರಾಂಜ್ ಮಾತ್ರ. ಈ ಸಲ ಫೈನಲ್ ಸೇರ್ತು, ಆಸ್ಟ್ರೇಲಿಯಾನ 60 ನಿಮಿಷ ಗೋಲಿಲ್ದೇ ಹಿಡಿದಿಡ್ತು, ಕೊನೆಗೆ ಶೂಟೌಟಲ್ಲಿ 1-3 ಸೋತು ಸಿಲ್ವರ್. ಶೂಟೌಟಲ್ಲಿ ಆಸ್ಟ್ರೇಲಿಯಾಗೆ ಒಂದು ಪ್ರಯತ್ನನ ಮತ್ತೆ ಆಡೋಕೆ ಬಿಟ್ಟಿದ್ದಕ್ಕೆ ಇಂಡಿಯಾ ಪ್ರೊಟೆಸ್ಟ್ ಕೊಡ್ತು, ಫಲಿತಾಂಶ ಬದಲಾಗ್ಲಿಲ್ಲ. ಅದಾದ ಮೇಲೆ ರಿಯೊಗೂ ಶ್ರೀಜೇಶೇ ಕ್ಯಾಪ್ಟನ್, ಸೋಮವಾರಪೇಟೆಯ ಸುನಿಲ್ ವೈಸ್ ಕ್ಯಾಪ್ಟನ್. ಆ 16 ಜನರಲ್ಲಿ ಸುನಿಲ್, ರಘುನಾಥ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ಅಂತ ನಾಲ್ಕು ಜನ ಕರ್ನಾಟಕದವರು, ಕಾಲು ಭಾಗ ಟೀಮು ನಮ್ಮದೇ, ಹೆಮ್ಮೆಯಿಂದ ಹೇಳ್ಕೊಳ್ಳೋ ವಿಷಯ.

ರಿಯೊ ಕಥೆ ಬೇರೆ. ಐರ್ಲೆಂಡ್ ಮೇಲೆ 3-2 ಗೆಲುವು, ಜರ್ಮನಿ ಮೇಲೆ 1-1 ಇದ್ದಿದ್ದು ಕೊನೆಯ ಕೆಲವೇ ಸೆಕೆಂಡಲ್ಲಿ ಗೋಲ್ ಬಿಟ್ಟು 1-2 ಸೋಲು, ಆ ಸಲ ಗೋಲ್ಡ್ ಗೆದ್ದ ಅರ್ಜೆಂಟೀನಾ ಮೇಲೆ 2-1 ಗೆಲುವು, ನೆದರ್ಲೆಂಡ್ಸ್ ಮೇಲೆ 1-2 ಸೋಲು, ಕೆನಡಾ ಜೊತೆ 2-2 ಡ್ರಾ. ಕ್ವಾರ್ಟರ್‌ಫೈನಲಲ್ಲಿ ಬೆಲ್ಜಿಯಂ 3-1 ಹೊಡೆದು ಮನೆಗೆ ಕಳಿಸ್ತು. ಎಂಟನೇ ಸ್ಥಾನ. ಪೇಪರಲ್ಲಿ ಇದು ಸೋಲು. ಆದ್ರೆ ನಾಲ್ಕು ವರ್ಷದ ಹಿಂದೆ ಕಟ್ಟಕಡೆ ನಿಂತ ಟೀಮು ಒಲಿಂಪಿಕ್ ಚಾಂಪಿಯನ್ನನ್ನೇ ಸೋಲಿಸಿ ಬಂದಿದೆ ಅನ್ನೋದನ್ನೂ ನೋಡ್ಬೇಕಲ್ವಾ. ಶ್ರೀಜೇಶ್ ಕ್ಯಾಪ್ಟನ್ಸಿ ಬಗ್ಗೆ ಬರೆಯೋರು ರಿಯೊನ ಎರಡೇ ಸಾಲಲ್ಲಿ ಮುಗಿಸ್ತಾರೆ, ನನಗದು ಅನ್ಯಾಯ ಅನ್ಸುತ್ತೆ.

2017ರಲ್ಲಿ ಮಲೇಷ್ಯಾದ ಅಜ್ಲಾನ್ ಶಾ ಕಪ್ಪಲ್ಲಿ ಮಂಡಿಗೆ ಪೆಟ್ಟಾಯ್ತು. ಆಪರೇಷನ್ನು, ತಿಂಗಳುಗಟ್ಟಲೆ ರೆಸ್ಟು. ಕೀಪರಿಗೆ ಮಂಡಿ ಅಂದ್ರೆ ಎಲ್ಲಾ ಅದೇ, ಬಗ್ಗೋದು, ಕಾಲು ಅಗಲಿಸೋದು, ಬಿದ್ದು ತಕ್ಷಣ ಏಳೋದು, ಎಲ್ಲದಕ್ಕೂ ಅದೇ ಬೇಕು. ಟೀಮ್ ಮನ್‌ಪ್ರೀತ್ ಕೈಗೆ ಹೋಯ್ತು. 2018ರಲ್ಲಿ ಇವರು ವಾಪಸ್ ಬಂದ್ರು, ಬ್ರೇಡಾದ ಚಾಂಪಿಯನ್ಸ್ ಟ್ರೋಫಿಗೆ ಮತ್ತೆ ಕ್ಯಾಪ್ಟನ್, ಮತ್ತೆ ಫೈನಲು, ಮತ್ತೆ ಆಸ್ಟ್ರೇಲಿಯಾ, ಮತ್ತೆ ಶೂಟೌಟಲ್ಲೇ ಸೋತು ಸಿಲ್ವರ್. ಅದೇ ವರ್ಷ ಜಕಾರ್ತಾ ಏಷ್ಯನ್ ಗೇಮ್ಸಲ್ಲಿ ಸೆಮಿಫೈನಲ್ ಮಲೇಷ್ಯಾ ಎದುರು ಶೂಟೌಟಲ್ಲಿ ಸಡನ್ ಡೆತ್ (ಐದೈದು ಪ್ರಯತ್ನ ಆದ್ರೂ ಸಮ ಇದ್ರೆ ಒಂದೊಂದೇ ಆಡಿಸೋದು) ತನಕ ಹೋಗಿ ಕೈತಪ್ಪಿತು, ಪಾಕಿಸ್ತಾನನ 2-1 ಸೋಲಿಸಿ ಬ್ರಾಂಜ್ ತಗೊಂಡು ಬಂದ್ರು. ಗೋಲ್ಡ್ ಬರಬೇಕಿದ್ದ ಟೂರ್ನಮೆಂಟ್ ಅಂತ ಎಲ್ಲರಿಗೂ ಬೇಜಾರು. ವರ್ಷದ ಕೊನೆಗೆ ಭುವನೇಶ್ವರದ ವರ್ಲ್ಡ್ ಕಪ್ಪಿಗೆ ಪಟ್ಟಿ ಮತ್ತೆ ಮನ್‌ಪ್ರೀತ್ ತೋಳಿಗೆ.

ಪಟ್ಟಿ ಹೋದ ಮೇಲೆ ಎಷ್ಟೋ ಸೀನಿಯರ್‌ಗಳು ಮೂಲೆ ಸೇರ್ತಾರೆ. ಇವರು ಕೂಗೋದನ್ನ ನಿಲ್ಲಿಸ್ಲಿಲ್ಲ. ಬೆಂಗಳೂರಿನ ಸಾಯ್ (ಸ್ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾ) ಸೆಂಟರಲ್ಲಿ ನಡೆಯೋ ನ್ಯಾಷನಲ್ ಕ್ಯಾಂಪಲ್ಲಿ ವರ್ಷದ ಬಹುಪಾಲು ಕಳೀತಿತ್ತು, 2020ರ ಲಾಕ್‌ಡೌನಲ್ಲಿ ಗಂಡಸರ ಟೀಮು ಹೆಂಗಸರ ಟೀಮು ಎರಡೂ ತಿಂಗಳುಗಟ್ಟಲೆ ಅಲ್ಲೇ ಉಳ್ಕೊಂಡಿದ್ವು. ಹಾಲೆಂಡಿನ ಕೀಪಿಂಗ್ ಕೋಚ್ ಡೆನಿಸ್ ವಾನ್ ಡಿ ಪೋಲ್ ಕ್ಯಾಂಪಿಗೆ ಬಂದು ಕೀಪರ್‌ಗಳ ಜೊತೆ ಕೆಲಸ ಮಾಡ್ತಿದ್ರು. ಜೊತೆಗಿದ್ದ ಕಿರಿಯ ಕೀಪರ್‌ಗಳು ಕೃಷನ್ ಪಾಠಕ್, ನಮ್ಮ ಕರಾವಳಿ ಹೆಸರಿನ ಸೂರಜ್ ಕರ್ಕೇರ.

ಟೋಕಿಯೊದಲ್ಲಿ ಏನಾಯ್ತು ಅಂತ ಹೇಳೋ ಮೊದ್ಲು ಪೆನಾಲ್ಟಿ ಕಾರ್ನರ್ ಅರ್ಥ ಆಗ್ಬೇಕು, ಯಾಕಂದ್ರೆ ಈಗಿನ ಹಾಕಿಯಲ್ಲಿ ಮ್ಯಾಚ್ ತಿರುಗೋದು ಬಹಳ ಸಲ ಇದರಲ್ಲೇ. ಡಿ ಅಂದ್ರೆ ಗೋಲ್ ಮುಂದಿನ ಅರ್ಧ ವೃತ್ತದಂಥ ಜಾಗ, ಅದರೊಳಗೆ ಡಿಫೆಂಡರ್ ಫೌಲ್ ಮಾಡಿದ್ರೆ ಎದುರಾಳಿಗೆ ಇದು ಸಿಗುತ್ತೆ. ಗೋಲ್‌ಪೋಸ್ಟಿಂದ 10 ಮೀಟರ್ ದೂರ ಹಿಂದಿನ ಗೆರೆ ಮೇಲಿಂದ ಒಬ್ಬ ಚೆಂಡು ತಳ್ತಾನೆ, ಡಿ ಆಚೆ ಒಬ್ಬ ನಿಲ್ಲಿಸ್ತಾನೆ, ಇನ್ನೊಬ್ಬ ಸ್ಟಿಕ್ಕಲ್ಲಿ ಎಳ್ಕೊಂಡು ಬೀಸ್ತಾನೆ, ಅದೇ ಡ್ರ್ಯಾಗ್ ಫ್ಲಿಕ್. ಸಾಮಾನ್ಯ ಹಿಟ್ ಆದ್ರೆ ಮೊದಲ ಹೊಡೆತ 460 ಮಿಲಿಮೀಟರ್‌ಗಿಂತ ಮೇಲೆ ಗೋಲ್ ಗೆರೆ ದಾಟೋ ಹಾಗಿಲ್ಲ, ಗೋಲ್ ಹಲಗೆ ಎತ್ತರ ಅಷ್ಟೇ, ಡ್ರ್ಯಾಗ್ ಫ್ಲಿಕ್ಕಿಗೆ ಆ ಮಿತಿ ಇಲ್ಲ, ಗಂಟೆಗೆ 100 ಕಿಲೋಮೀಟರ್ ದಾಟೋ ವೇಗದಲ್ಲಿ ಮೂಲೆ ಮೇಲಕ್ಕೂ ಹೋಗುತ್ತೆ. ತಡೆಯೋಕೆ ಕೀಪರ್ ಸೇರಿ ಐದೇ ಜನ, ಉಳಿದವರೆಲ್ಲ ಅರ್ಧ ಗೆರೆ ಆಚೆ. ಗೋಲ್ 3.66 ಮೀಟರ್ ಅಗಲ, 2.14 ಮೀಟರ್ ಎತ್ತರ, ಇಷ್ಟು ಜಾಗನ ಒಬ್ಬ ಕೀಪರ್ ಪೂರ್ತಿ ಮುಚ್ಚೋಕಾಗಲ್ಲ, ಅದಕ್ಕೆ ಐದು ಜನರ ಒಪ್ಪಂದ ಇರುತ್ತೆ. ಮೊದಲ ರಷರ್ ಅನ್ನೋನು ಚೆಂಡು ಹೊರಟ ತಕ್ಷಣ ಫ್ಲಿಕ್ಕರ್ ಕಡೆ ಸೀದಾ ಓಡ್ತಾನೆ, ಮೈಯಿಂದಾನೇ ಒಂದು ಕಡೆ ಮುಚ್ತಾನೆ, ಪೋಸ್ಟ್ ಹತ್ರ ಒಬ್ಬ ನಿಲ್ತಾನೆ, ಉಳಿದ ಕಡೆ ಕೀಪರದ್ದು. ಯಾವ ಕಡೆ ಯಾರು ಅನ್ನೋದನ್ನ ಸರಿಯಾಗಿ ಸೆಟ್ ಮಾಡೋದು ಕೀಪರ್ ಧ್ವನಿ. ಇಂಡಿಯಾಗೆ ಈ ಮೊದಲ ರಷರ್ ಕೆಲಸ ಮಾಡ್ತಿದ್ದಿದ್ದು ಅಮಿತ್ ರೋಹಿದಾಸ್, ಮೈಗೆ ಚೆಂಡು ಬಡಿಯುತ್ತೆ ಅಂತ ಗೊತ್ತಿದ್ದೂ ಓಡೋ ಧೈರ್ಯ ಬೇಕು.

ಟೋಕಿಯೊದಲ್ಲಿ ಗ್ರೂಪ್ ಹಂತದಲ್ಲೇ ಆಸ್ಟ್ರೇಲಿಯಾ 7-1 ಹೊಡೀತು. ಏಳು ಗೋಲ್ ಬಿಟ್ಟ ಕೀಪರ್ ಮುಂದಿನ ಮ್ಯಾಚಿಗೆ ತಲೆ ಎತ್ತಿ ನಿಲ್ಲೋದು ಸಣ್ಣ ಮಾತಲ್ಲ, ಇವರು ನಿಂತ್ರು. ಸೆಮಿಫೈನಲಲ್ಲಿ ಬೆಲ್ಜಿಯಂ ಎದುರು 2-5 ಸೋಲು. 2021ರ ಆಗಸ್ಟ್ 5ಕ್ಕೆ ಬ್ರಾಂಜ್ ಮ್ಯಾಚಲ್ಲಿ ಜರ್ಮನಿ 3-1 ಮುಂದಿತ್ತು, ಅಲ್ಲಿಂದ ನಮ್ಮವರು 5-3 ಮಾಡಿದ್ರು, ಅವರು 5-4ಕ್ಕೆ ತಂದ್ರು. ಕೊನೆ ಆರೇಳು ಸೆಕೆಂಡ್ ಇರುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್. ಟೈಮ್ ಮುಗಿದ್ರೂ ಕಾರ್ನರ್ ಮುಗಿಯೋ ತನಕ ಆಟ ನಿಲ್ಲಿಸಲ್ಲ, ಹಾಗಾಗಿ ಆ ಒಂದು ಹೊಡೆತದ ಮೇಲೆ 41 ವರ್ಷ ನಿಂತಿತ್ತು, 1980ರ ಮಾಸ್ಕೋ ಗೋಲ್ಡ್ ಆದ ಮೇಲೆ ಇಂಡಿಯಾ ಹಾಕಿಗೆ ಒಲಿಂಪಿಕ್ ಮೆಡಲೇ ಇರ್ಲಿಲ್ಲ. ಶ್ರೀಜೇಶ್ ತಡೆದ್ರು. ಆಮೇಲೆ ಗೋಲ್‌ಪೋಸ್ಟ್ ಮೇಲೆ ಹತ್ತಿ ಕೂತ್ರು, ಆ ಫೋಟೋ ನೋಡದವರಿಲ್ಲ. ಅವತ್ತು ಟೀಮ್ ಮನ್‌ಪ್ರೀತ್ ಅವರದ್ದು, ಅದನ್ನ ಅವರಿಂದ ಕಿತ್ಕೊಳ್ಬಾರ್ದು. ಆದ್ರೆ ಕೊನೆ ಕ್ಷಣದಲ್ಲಿ ಐದು ಜನರ ಗೋಡೆ ಕಟ್ಟಿ ನಿಲ್ಸಿ ತಾನೂ ಅದರಲ್ಲಿ ನಿಂತಿದ್ದು ಹಳೇ ಕ್ಯಾಪ್ಟನ್ನು. ಜನರ ನೆನಪು ಗೊಂದಲ ಆಗಿದ್ದು ಈ ಜಾಗದಲ್ಲೇ.

ಪ್ಯಾರಿಸಿಗೆ ಹೋಗೋ ಮುಂಚೆನೇ ಇದು ನನ್ನ ಕೊನೆ ಟೂರ್ನಮೆಂಟ್ ಅಂತ ಹೇಳ್ಬಿಟ್ಟಿದ್ರು. 2024ರ ಆಗಸ್ಟ್ 4, ಕ್ವಾರ್ಟರ್‌ಫೈನಲು, ಗ್ರೇಟ್ ಬ್ರಿಟನ್ ಎದುರು. 17ನೇ ನಿಮಿಷದಲ್ಲಿ ರೋಹಿದಾಸಿಗೆ ರೆಡ್ ಕಾರ್ಡ್. ಮೇಲೆ ಹೇಳಿದ ನಿಯಮ ನೆನಪಿಸ್ಕೊಳ್ಳಿ, ಯೆಲ್ಲೊ ಆದ್ರೆ ವಾಪಸ್ ಬರ್ತಾರೆ, ರೆಡ್ ಅಂದ್ರೆ ಜಾಗ ಖಾಲಿನೇ. ಹೆಚ್ಚೂಕಮ್ಮಿ 43 ನಿಮಿಷ ಹತ್ತೇ ಜನ, ಅದರ ಜೊತೆ ಪೆನಾಲ್ಟಿ ಕಾರ್ನರಿಗೆ ಮೊದ್ಲು ಓಡೋ ಮನುಷ್ಯನೂ ಇಲ್ಲ. ಹರ್ಮನ್‌ಪ್ರೀತ್ ಗೋಲ್ ಹೊಡೆದ್ರು, ಲೀ ಮಾರ್ಟನ್ ಸಮ ಮಾಡಿದ್ರು, ಆಮೇಲೆ ಪೂರ್ತಿ ಸೆಕೆಂಡ್ ಹಾಫ್ ಬ್ರಿಟನ್ ಮೇಲಿಂದ ಮೇಲೆ ನುಗ್ತಾನೇ ಇತ್ತು, 1-1 ಬಿಟ್ಟು ಸ್ಕೋರ್ ಕದಲ್ಲಿಲ್ಲ. ಶೂಟೌಟಲ್ಲಿ ನಮ್ಮ ನಾಲ್ಕೂ ಜನ ಹೊಡೆದ್ರು, ಬ್ರಿಟನಿನ ಮೂರನೆಯವರು ಗೋಲ್ ಮೇಲಿಂದ ಹೊರಗೆ ಹಾಕಿದ್ರು, ನಾಲ್ಕನೆಯವರನ್ನ ಶ್ರೀಜೇಶ್ ತಡೆದ್ರು, 4-2. ಆ ಮೂರನೆಯವರು ಹೊರಗೆ ಹಾಕಿದ್ದರಲ್ಲೂ ಅರ್ಧ ಪಾಲು ಕೀಪರದ್ದೇ ಅಂತೀನಿ ನಾನು, ಎದುರಿಗೆ ಬಂದು ಕೋನ ಮುಚ್ಚಿದಾಗಲೇ ಹೊಡೆಯೋನು ಮೇಲೆತ್ತೋಕೆ ಹೋಗೋದು. ರೋಹಿದಾಸ್ ಬ್ಯಾನ್ ಆಗಿ ಸೆಮಿಫೈನಲಿಗೂ ಇಲ್ಲ, ಜರ್ಮನಿ 3-2 ಗೆದ್ದಿತು. ಆಗಸ್ಟ್ 8ಕ್ಕೆ ಸ್ಪೇನ್ ಮೇಲೆ 2-1, ಹರ್ಮನ್‌ಪ್ರೀತ್ ಅವರದ್ದೇ ಎರಡೂ ಗೋಲು, ಮತ್ತೆ ಬ್ರಾಂಜ್. 1968, 1972 ಆದ ಮೇಲೆ ಸತತ ಎರಡು ಒಲಿಂಪಿಕ್ಸಲ್ಲಿ ಮೆಡಲ್ ಬಂದಿದ್ದು ಇದೇ ಮೊದ್ಲು. ಮುಕ್ತಾಯ ಸಮಾರಂಭದಲ್ಲಿ ಮನು ಭಾಕರ್ ಜೊತೆ ಬಾವುಟ ಹಿಡಿದು ನಡೆದ್ರು.

ಒಟ್ಟು 336 ಇಂಟರ್‌ನ್ಯಾಷನಲ್ ಮ್ಯಾಚು. 2015ರಲ್ಲಿ ಅರ್ಜುನ, 2017ರಲ್ಲಿ ಪದ್ಮಶ್ರೀ, 2021ರಲ್ಲಿ ಖೇಲ್ ರತ್ನ, 2025ರಲ್ಲಿ ಪದ್ಮಭೂಷಣ, ಮೂರು ಸಲ ಎಫ್‌ಐಎಚ್ (ಇಂಟರ್‌ನ್ಯಾಷನಲ್ ಹಾಕಿ ಫೆಡರೇಶನ್) ವರ್ಷದ ಅತ್ಯುತ್ತಮ ಗೋಲ್‌ಕೀಪರ್. ಸೀನಿಯರ್ ಟೀಮಲ್ಲಿ 16ನೇ ನಂಬರ್ ಜೆರ್ಸಿನ ಇನ್ಯಾರಿಗೂ ಕೊಡಲ್ಲ ಅಂತ ಹಾಕಿ ಇಂಡಿಯಾ ಹೇಳಿದೆ. ಆಟ ಬಿಟ್ಟ ಕೂಡ್ಲೇ ಜೂನಿಯರ್ ಗಂಡಸರ ಟೀಮಿಗೆ ಕೋಚ್ ಆದ್ರು, 2024ರ ಡಿಸೆಂಬರಲ್ಲಿ ಮಸ್ಕತ್ತಲ್ಲಿ ಪಾಕಿಸ್ತಾನನ 5-3 ಸೋಲಿಸಿ ಜೂನಿಯರ್ ಏಷ್ಯಾ ಕಪ್ ಗೆದ್ರು, 2025ರ ಡಿಸೆಂಬರಲ್ಲಿ ಚೆನ್ನೈಯಲ್ಲಿ ಅರ್ಜೆಂಟೀನಾ ಮೇಲೆ ಗೆದ್ದು ಜೂನಿಯರ್ ವರ್ಲ್ಡ್ ಕಪ್ ಬ್ರಾಂಜ್.

ನನಗೆ ಇದರಲ್ಲಿ ಒಂದೇ ಆಸೆ ಇದೆ, ಅದು ನಮ್ಮ ಕಡೆಯ ವಿಷಯ. ಕೊಡಗಲ್ಲಿ 1997ರಿಂದ ಕುಟುಂಬಗಳ ಹಾಕಿ ಹಬ್ಬ ನಡೀತಿದೆ, 2024ರಲ್ಲಿ ನಾಪೋಕ್ಲಲ್ಲಿ 360 ಕುಟುಂಬಗಳ ಟೀಮು ಆಡಿ ಗಿನ್ನಿಸ್ ರೆಕಾರ್ಡ್ ಆಯ್ತು. ಅಷ್ಟು ಟೀಮು ಅಂದ್ರೆ ಅಷ್ಟೂ ಗೋಲ್ ಮುಂದೆ ಒಬ್ಬೊಬ್ರು ನಿಲ್ಲೋರು ಇರ್ತಾರೆ. ಆ ಹುಡುಗ ಹುಡುಗಿಯರಲ್ಲಿ ಹತ್ತು ಜನರನ್ನ ಆರಿಸಿ, ಒಳ್ಳೇ ಕಿಟ್ ಕೊಟ್ಟು, ಕೀಪಿಂಗಿಗೇ ಅಂತ ಒಬ್ಬ ಕೋಚ್ ಇಟ್ಟು ಐದಾರು ವರ್ಷ ಬಿಡದೆ ಕಲಿಸೋ ಕೆಲಸ ಸ್ಪೋರ್ಟ್ಸ್ ಹಾಸ್ಟೆಲ್‌ಗಳಲ್ಲಿ ಶುರುವಾಗ್ಲಿ. ಮೊದಲ ಎರಡು ಮೂರು ವರ್ಷ ರಿಸಲ್ಟ್ ಏನೂ ಕಾಣಲ್ಲ, ಅದಕ್ಕೆ ರೆಡಿ ಇರ್ಬೇಕು, ಶ್ರೀಜೇಶ್ ಅವರೂ ಟೀಮಲ್ಲಿ ಗಟ್ಟಿಯಾಗಿ ನಿಲ್ಲೋಕೆ ಐದು ವರ್ಷ ತಗೊಂಡಿದಾರೆ.